ಅಕಾಲದ ಮರಣವಾರ್ತೆ



ಕಂಪ್ಯೂಟರಿನ ಮುಂದೆ ಮೊದಲ ಸಲ ಕುಳಿತಾಗ ನಮ್ಮಲ್ಲಿ ಹಲವರು ಮಾಡಿದ ಕೆಲಸವೆಂದರೆ ಮೈಕ್ರೋಸಾಫ್ಟ್ ಪೇಂಟ್ ತೆರೆದು ಒಂದು ಮನೆ, ಎರಡು ಗುಡ್ಡ, ನಡುವೆ ಸೂರ್ಯನನ್ನು ಬಿಡಿಸಿದ್ದು. 1985ರಲ್ಲಿ ವಿಂಡೋಸ್‌ನ ಮೊದಲ ಆವೃತ್ತಿಯೊಡನೆಯೇ ಬಂದ ತಂತ್ರಾಂಶವದು. 2017ರ ಜುಲೈಯಲ್ಲಿ, 32 ವರ್ಷಗಳ ಅದರ ಬಾಳು ಮುಗಿಯಿತೆಂದು ದೇಶವಿದೇಶಗಳ ಪತ್ರಿಕೆಗಳು ಸಾರಿದವು. ಶ್ರದ್ಧಾಂಜಲಿಯ ಬರಹಗಳೂ ಬಂದವು.

ನಡೆದುದಾದರೂ ಏನು? ವಿಂಡೋಸ್ 10ರ ಮುಂದಿನ ಪರಿಷ್ಕರಣೆಯ ಕುರಿತು ಮೈಕ್ರೋಸಾಫ್ಟ್ ಒಂದು ಪಟ್ಟಿಯನ್ನು ಪ್ರಕಟಿಸಿತ್ತು. ತೆಗೆದುಹಾಕಿದ ಅಂಶಗಳು ಒಂದು ಬಗೆ. ಇನ್ನು ಅಭಿವೃದ್ಧಿಪಡಿಸದ, ಮುಂದೆಂದಾದರೂ ತೆಗೆಯಬಹುದಾದವು ಇನ್ನೊಂದು ಬಗೆ. ಪೇಂಟ್ ಇದ್ದುದು ಎರಡನೆಯದರಲ್ಲಿ. ‘ತೆಗೆದಾರು’ ಎಂಬುದನ್ನು ಪತ್ರಿಕೆಗಳು ‘ತೆಗೆದರು’ ಎಂದು ಓದಿದವು. ಒಂದು ದೀರ್ಘದ ಅಂತರ. ಸಂಭಾವನಾರ್ಥಕ ರೂಪವನ್ನು ಇದೇ ಕೊಠಡಿಗಳಲ್ಲಿ ಬಾಯಿಪಾಠ ಮಾಡಿದ ನಮಗೆ ಅದರ ಬೆಲೆ ತಿಳಿಯದೇ? ಸುದ್ದಿ ಹಬ್ಬಿದ ಬೆನ್ನಿಗೇ, ಪೇಂಟ್ ಉಳಿಯುವುದೆಂದೂ ತನ್ನ ಆನ್‌ಲೈನ್ ಮಳಿಗೆಯಲ್ಲಿ ಉಚಿತವಾಗಿ ದೊರೆಯುವುದೆಂದೂ ಸಂಸ್ಥೆ ತಿಳಿಸಿತು. 2021ರಲ್ಲಿ ವಿಂಡೋಸ್ 11 ಬಂದಾಗ ಅದಕ್ಕೆ ಹೊಸ ರೂಪವೇ ದೊರೆಯಿತು.

ಎಲ್ಲ ಮರಣವಾರ್ತೆಗಳೂ ಸುಳ್ಳಲ್ಲ. ಅದೇ ವಾರ ಅಡೋಬಿ ಸಂಸ್ಥೆಯು ತನ್ನ ಫ್ಲ್ಯಾಶ್ ತಂತ್ರಾಂಶವನ್ನು 2020ರ ಕೊನೆಗೆ ನಿಲ್ಲಿಸುವುದಾಗಿ ಪ್ರಕಟಿಸಿತು, ಹೇಳಿದಂತೆ ನಿಲ್ಲಿಸಿತು. ಅಲ್ಲಿ ಹೇಳಿದವರು ತಯಾರಕರೇ, ಗಡುವೂ ಸ್ಪಷ್ಟ.

ಈ ಕಥೆಯನ್ನು ಇಲ್ಲಿ ಹೇಳಲು ಕಾರಣವುಂಟು. ಗಡಿನಾಡಿನ ಕನ್ನಡ ಶಾಲೆಗಳಿಗೆ ಇಂಥ ಮಾತು ಹೊಸತಲ್ಲ. ಮಕ್ಕಳನ್ನು ಸೇರಿಸುವ ಕಾಲ ಬಂತೆಂದರೆ, ‘ಬರುವ ವರ್ಷ ಕನ್ನಡ ವಿಭಾಗ ಇರುವುದಿಲ್ಲವಂತೆ’ ಎಂಬ ಸುದ್ದಿ ಬಸ್ಸಿನಲ್ಲಿ, ಮದುವೆಮನೆಯಲ್ಲಿ, ಈಗ ವಾಟ್ಸಾಪಿನಲ್ಲಿ ಸುತ್ತುತ್ತದೆ. ಸುಳ್ಳು ಸುದ್ದಿಯಿಂದ ಪೇಂಟ್‌ಗೆ ಕೇಡಾಗಲಿಲ್ಲ. ಅದಕ್ಕಾಗಿ ಮರುಗಿದವರ ದನಿಯಿಂದ ಒಳಿತೇ ಆಯಿತೆನ್ನಬೇಕು. ಶಾಲೆಯ ಸ್ಥಿತಿ ಹಾಗಲ್ಲ. ‘ಅಂತೆ’ಯನ್ನು ನಂಬಿ ಹತ್ತು ಮನೆಯವರು ಮಕ್ಕಳನ್ನು ಬೇರೆಡೆ ಸೇರಿಸಿದರೆ ಮಕ್ಕಳ ಸಂಖ್ಯೆ ಇಳಿಯುತ್ತದೆ, ಸಂಖ್ಯೆ ಇಳಿದರೆ ಅಧ್ಯಾಪಕರ ಹುದ್ದೆ ಹೋಗುತ್ತದೆ, ಆಗ ಸುಳ್ಳೇ ನಿಜವಾಗುತ್ತದೆ. ಅದನ್ನು ಹೇಳಿದವರು, ‘ನಾವು ಅಂದೇ ಹೇಳಿರಲಿಲ್ಲವೇ?’ ಎನ್ನುತ್ತಾರೆ. ಮರುಗುವ ನಾವಾದರೋ ನಮ್ಮ ಮಕ್ಕಳನ್ನು ಎಲ್ಲಿ ಸೇರಿಸಿದ್ದೇವೆಂದು ಯಾರೂ ಕೇಳದಿರಲಿ ಎಂದುಕೊಳ್ಳುತ್ತೇವೆ.

ಒಂದನೆಯ ತರಗತಿಯ ಹಾಜರಿ ಪುಸ್ತಕ ಕಚೇರಿಯಲ್ಲಿದೆ. ಕೇಳಿದವರಿಗೆ ಮುಖ್ಯೋಪಾಧ್ಯಾಯರು ತೆರೆದು ತೋರಿಸುತ್ತಾರೆ.