ಮನೆಯ ಮೋಟಾರಿಗೊಂದು ಕಡತ



ಶಿವಮೊಗ್ಗೆಯ ಸೀಮೆಯಲ್ಲಿ ಶಿಸ್ತು ಎಂಬ ಮಾತಿಗೆ ಒಂದು ವಿಶೇಷಾರ್ಥವುಂಟು. 1645ರಿಂದ 1660ರವರೆಗೆ ಕೆಳದಿಯ ರಾಜ್ಯವನ್ನಾಳಿದ ಶಿವಪ್ಪನಾಯಕನು ಗ್ರಾಮಗ್ರಾಮದಲ್ಲಿಯೂ ಬಗೆಬಗೆಯ ಭೂಮಿಯಿಂದ ಒಂದೊಂದು ಹೊಲವನ್ನಾರಿಸಿ, 12 ವರ್ಷಗಳ ಕಾಲ ತನ್ನ ಲೆಕ್ಕದಿಂದಲೇ ಸಾಗುವಳಿ ಮಾಡಿಸಿ, ಬಿತ್ತಿದ ಬೀಜವೆಷ್ಟು, ತಗುಲಿದ ವೆಚ್ಚವೆಷ್ಟು, ಬಂದ ಫಸಲೆಷ್ಟು, ಅದರ ಬೆಲೆಯೆಷ್ಟು ಎಂಬುದನ್ನು ಬರೆಯಿಸಿದನೆಂದೂ, ಆ ಬರಹದ ಸರಾಸರಿಯನ್ನು ನೋಡಿ ಕಂದಾಯವನ್ನು ಗೊತ್ತುಮಾಡಿದನೆಂದೂ ಇತಿಹಾಸಕಾರರು ಹೇಳುತ್ತಾರೆ. ಅದಕ್ಕೇ ಶಿವಪ್ಪನಾಯಕನ ಶಿಸ್ತು ಎಂದು ಹೆಸರು. ಈ ದೊರೆಯನ್ನು ನಾವು ಹೆಮ್ಮೆಯಿಂದ ಕೊಂಡಾಡುತ್ತೇವೆ. ಆದರೆ ನಮ್ಮ ಮನೆಯ ಮುಂದೆ ನಿಂತಿರುವ ಮೋಟಾರಿನ ಎಣ್ಣೆಯನ್ನು ಎಂದು ಬದಲಾಯಿಸಿದಿರಿ ಎಂದು ಯಾರಾದರೂ ಕೇಳಿದರೆ, ತಲೆಯನ್ನು ಕೆರೆದುಕೊಂಡು, "ಯುಗಾದಿಗೆ ಮುಂಚೆ ಇರಬೇಕು" ಎನ್ನುತ್ತೇವೆ. ಯಾವ ಯುಗಾದಿಯೆಂದು ಅವರು ಮತ್ತೆ ಕೇಳದಿದ್ದರೆ ನಮ್ಮ ಮಾನ ಉಳಿಯಿತು!

ಶಿವಮೊಗ್ಗೆಯ ರಾಗಿಗುಡ್ಡದ ಬೀದಿಗಳಲ್ಲಿ ಬೆಳಗಿನ ಹೊತ್ತು ನಿಂತು ನೋಡಿದರೆ, ಮನೆಗೊಂದರಂತೆ, ಕೆಲವೆಡೆ ಮನೆಗೆ ಎರಡರಂತೆ, ವಾಹನಗಳು ಹೊರಡುವುದನ್ನು ಕಾಣಬಹುದು. ಮಕ್ಕಳನ್ನು ಶಾಲೆಗೆ ಬಿಡುವ ಸ್ಕೂಟರು, ಪೇಟೆಗೆ ಹೋಗುವ ಕಾರು, ಬಿ. ಎಚ್. ರಸ್ತೆಯನ್ನು ಹಿಡಿದು ಭದ್ರಾವತಿಗೆ ಸಾಗುವ ಬೈಕು. ಮನೆಯೊಂದನ್ನು ಬಿಟ್ಟರೆ ಸಾಮಾನ್ಯ ಗೃಹಸ್ಥನು ಕೊಳ್ಳುವ ಅತ್ಯಂತ ಬೆಲೆಯುಳ್ಳ ವಸ್ತು ಇದೇ. ಮನೆಯ ಕಾಗದಪತ್ರಗಳನ್ನು ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕುವ ನಾವು, ಪ್ರಾಣವನ್ನೊಪ್ಪಿಸಿ ಕೂಡುವ ಈ ಯಂತ್ರದ ಚರಿತ್ರೆಯನ್ನು ಮಾತ್ರ ನೆನಪಿಗೆ ಬಿಟ್ಟುಬಿಡುತ್ತೇವೆ.

ಹಾಗೆ ಬಿಟ್ಟವರಲ್ಲಿ ನಾವೂ ಒಬ್ಬರು. ಕೆಲವು ವರ್ಷಗಳ ಹಿಂದೆ ನಾವೊಂದು ಹಳೆಯ ಕಾರನ್ನು ಕೊಂಡೆವು. ಮಾರಿದವರು ಸಜ್ಜನರು, "ಟೈಮಿಂಗ್ ಬೆಲ್ಟನ್ನು ಬದಲಾಯಿಸಿದ್ದೇವೆ" ಎಂದರು. ಯಾವಾಗ, ಎಷ್ಟು ಕಿಲೋಮೀಟರಿಗೆ ಎಂದು ನಾವು ಕೇಳಲಿಲ್ಲ, ಅವರಲ್ಲಿಯೂ ಬರಹವಿರಲಿಲ್ಲ. ಇಂಜಿನ್ನಿನ ಕವಾಟಗಳೂ ಕೊಂತಗಳೂ ಒಂದಕ್ಕೊಂದು ತಗುಲದಂತೆ ಕಾಲ ತಪ್ಪದೆ ಆಡಿಸುವ ಪಟ್ಟಿಯೇ ಈ ಬೆಲ್ಟು. ಅದು ಸವೆಯುತ್ತಿರುವಾಗ ಅನೇಕ ವೇಳೆ ಸದ್ದು ಮಾಡುವುದಿಲ್ಲ, ಹೊರಗಿನಿಂದ ನೋಡುವವರಿಗೆ ಕಾಣುವುದೂ ಇಲ್ಲ. ಇಷ್ಟು ಕಿಲೋಮೀಟರು ಅಥವಾ ಇಷ್ಟು ವರ್ಷ, ಎರಡರಲ್ಲಿ ಯಾವುದು ಮೊದಲು ಬರುವುದೋ ಆಗ ಬದಲಾಯಿಸತಕ್ಕದ್ದೆಂದು ತಯಾರಕರು ಹೇಳಿರುತ್ತಾರೆ. ಅಂಥ ವಸ್ತುವಿನ ವಿಷಯದಲ್ಲಿ ಕಣ್ಣೂ ಕಿವಿಯೂ ನೆರವಾಗವು; ಬರಹವೊಂದೇ ನೆರವು. ಒಂದು ರಾತ್ರಿ ವೃದ್ಧರಾದ ತಾಯಿಯವರೊಡನೆ ಭದ್ರಾವತಿಯಿಂದ ಹಿಂದಿರುಗುತ್ತಿದ್ದಾಗ, ಬೆಲ್ಟು ಹರಿದು ಇಂಜಿನ್ನು ತಟಕ್ಕನೆ ನಿಂತಿತು. ಹಿಂದೆ ಲಾರಿಗಳ ಸಾಲು, ಮುಂದೆ ಕತ್ತಲೆ. ಕಾರು ಇದ್ದ ವೇಗದಲ್ಲಿಯೇ ರಸ್ತೆಯ ಅಂಚಿಗೆ ಉರುಳಿಕೊಂಡು ಹೋದುದು ದೈವಕೃಪೆ. ಕವಾಟಗಳು ಬಾಗಿದ್ದುವು. ರಿಪೇರಿಯ ಹಣ ಹೋಯಿತು, ಅದು ಹೋಗಲಿ; ಆ ಕತ್ತಲೆಯಲ್ಲಿ ತಾಯಿಯವರು ನಮ್ಮ ಕೈಯನ್ನು ಹಿಡಿದುಕೊಂಡಿದ್ದ ಬಗೆಯನ್ನು ಮಾತ್ರ ಮರೆಯಲಾರೆವು.

ಈ ಸಂಗತಿಯನ್ನು ನಾವು ಹೇಳಿಕೊಂಡುದು ನೆರೆಯ ಹಿರಿಯರೊಬ್ಬರ ಮುಂದೆ. ಅವರು 1923ರಲ್ಲಿ ಉತ್ಪಾದನೆಯನ್ನಾರಂಭಿಸಿದ ಭದ್ರಾವತಿಯ ಕಬ್ಬಿಣದ ಕಾರ್ಖಾನೆಯಲ್ಲಿ ಬಹುಕಾಲ ದುಡಿದು ನಿವೃತ್ತರಾದವರು. ಅವರ ಮನೆಯಲ್ಲಿ ಒಂದು ಎಜ್ಡಿ ಮೋಟಾರ್ ಸೈಕಲ್ಲಿತ್ತು. 1961ರಲ್ಲಿ ಮೈಸೂರಿನಲ್ಲಿ ಆರಂಭವಾಗಿ 1996ರಲ್ಲಿ ಮುಚ್ಚಿದ ಐಡಿಯಲ್ ಜಾವಾ ಕಾರ್ಖಾನೆಯ ವಾಹನವದು. ತಯಾರಿಸಿದವರು ಬಾಗಿಲು ಮುಚ್ಚಿದ ಮೇಲೂ ಅದು ಓಡುತ್ತಿದ್ದ ಗುಟ್ಟೇನೆಂದು ಕೇಳಿದೆವು. ಅವರು ಒಳಗೆ ಹೋಗಿ, ರಟ್ಟಿನ ಹೊದಿಕೆಯ ಒಂದು ಪುಸ್ತಕವನ್ನು ತಂದು ಮುಂದಿಟ್ಟರು.

"ಕಾರ್ಖಾನೆಯಲ್ಲಿ ನಮಗೆ ಮೂರು ಪಾಳಿ. ಒಂದು ಪಾಳಿಯವನು ಮನೆಗೆ ಹೋಗುವ ಮುಂಚೆ, ಬರುವವನಿಗೆ ಹೇಳಬೇಕಾದುದನ್ನು ಪುಸ್ತಕದಲ್ಲಿ ಬರೆದಿಡಬೇಕು. ಬರೆಯದಿದ್ದರೆ ಬರುವವನು ಕುರುಡ. ಸ್ವಂತ ವಾಹನದಲ್ಲಿಯೂ ಹಾಗೆಯೇ ಸ್ವಾಮಿ. ಈ ಹೊತ್ತು ನಟ್ಟು ಬಿಗಿಸಿದ ನಾನು ಒಂದು ಪಾಳಿಯವನು; ಎರಡು ವರ್ಷದ ಮೇಲೆ ಅದನ್ನು ಬಿಚ್ಚುವ ನಾನು ಇನ್ನೊಂದು ಪಾಳಿಯವನು" ಎಂದರು.

ಆ ಪುಸ್ತಕದ ಕ್ರಮವನ್ನೇ ಶ್ರೋತೃಗಳ ಮುಂದಿಡಲಿಚ್ಛಿಸುತ್ತೇವೆ. ಪುಟದಲ್ಲಿ ಆರು ಅಂಕಣಗಳು: ತಾರೀಖು, ಮೀಟರು ತೋರಿಸುವ ಕಿಲೋಮೀಟರು, ಮಾಡಿದ ಕೆಲಸ, ಹಾಕಿದ ಭಾಗದ ಹೆಸರು ಮತ್ತು ಗುರುತು, ಕೆಲಸ ಮಾಡಿದವರು ಹಾಗೂ ಕೊಟ್ಟ ಹಣ, ಕಡೆಯದಾಗಿ, ಮುಂದೆ ಎಂದು ನೋಡತಕ್ಕದ್ದು. ಈ ಕಡೆಯ ಅಂಕಣವೇ ಪುಸ್ತಕದ ಜೀವ. ಮೊದಲ ಐದು ಕಳೆದುದನ್ನು ಹೇಳುತ್ತವೆ. ಆರನೆಯದು ಬರುವುದನ್ನು ಹೇಳುತ್ತದೆ.

ತಾರೀಖು, ಕಿಲೋಮೀಟರು ಎರಡೂ ಏಕೆ ಬೇಕೆಂದರೆ, ಕೆಲವು ವಸ್ತುಗಳು ಓಟದಿಂದ ಸವೆಯುತ್ತವೆ, ಕೆಲವು ನಿಂತಲ್ಲಿಯೇ ಮುಪ್ಪಾಗುತ್ತವೆ. ಟೈರಿನ ರಬ್ಬರು ಓಡದಿದ್ದರೂ ಗಡುಸಾಗುತ್ತದೆ. ಟೈರಿನ ಪಕ್ಕದಲ್ಲಿ ಅಚ್ಚಾಗಿರುವ ನಾಲ್ಕು ಅಂಕಿಗಳನ್ನು ನೋಡಿರಿ. 2319 ಎಂದಿದ್ದರೆ ಅದು 2019ರ 23ನೆಯ ವಾರದಲ್ಲಿ ತಯಾರಾದುದು. ಬ್ರೇಕಿನ ದ್ರವವು ಗಾಳಿಯ ತೇವವನ್ನು ಹೀರುವ ಗುಣವುಳ್ಳದ್ದು. ತೇವ ಸೇರಿದಷ್ಟೂ ಅದು ಕಡಮೆ ಉಷ್ಣಕ್ಕೇ ಕುದಿಯುತ್ತದೆ. ಆಗುಂಬೆಯ ಘಟ್ಟವನ್ನು ಇಳಿಯುವಾಗ ಬ್ರೇಕು ಕಾದು ಆ ದ್ರವ ಕುದ್ದು ಆವಿಯಾದರೆ, ಪೆಡಲನ್ನೊತ್ತಿದರೂ ಹಿಡಿತ ಸಿಕ್ಕದು. ಮಳೆಯ ನಾಡಿನವರು ಇದನ್ನು ಮರೆಯಬಾರದು. ಇಂಜಿನ್ನಿನ ಎಣ್ಣೆಯೂ ಹಾಗೆಯೇ. ರಾಗಿಗುಡ್ಡದಿಂದ ಪೇಟೆಗೆ, ಪೇಟೆಯಿಂದ ಮನೆಗೆ ಎಂದು ಚಿಕ್ಕ ಓಟಗಳನ್ನೇ ಓಡುವ ವಾಹನದ ಇಂಜಿನ್ನು ಚೆನ್ನಾಗಿ ಕಾಯುವುದಿಲ್ಲ. ಒಳಗಿನ ತೇವ ಆರುವುದಿಲ್ಲ. ಎಣ್ಣೆ ಬೇಗ ಕೆಡುತ್ತದೆ. ಕಡಮೆ ಓಡಿದೆಯೆಂಬ ಸಮಾಧಾನ ಇಲ್ಲಿ ಸಲ್ಲದು.

ಪೆಟ್ರೋಲಿಗೆ ಬೇರೆ ಪುಟವಿರಲಿ. ತೊಟ್ಟಿಯನ್ನು ಪೂರ್ತಿ ತುಂಬಿಸಿ ಮೀಟರನ್ನು ಬರೆದುಕೊಳ್ಳಿರಿ. ಮುಂದೆ ಮತ್ತೆ ಪೂರ್ತಿ ತುಂಬಿಸಿದಾಗ, ನಡುವೆ ಓಡಿದ ಕಿಲೋಮೀಟರನ್ನು ಹಿಡಿಸಿದ ಲೀಟರುಗಳಿಂದ ಭಾಗಿಸಿರಿ. 450 ಕಿಲೋಮೀಟರು ಓಡಿ 10 ಲೀಟರು ಹಿಡಿಸಿದರೆ, ಲೀಟರಿಗೆ 45. ಇದು ವಾಹನದ ನಾಡಿ. 45 ಇದ್ದದ್ದು ತಿಂಗಳು ತಿಂಗಳಿಗೆ 42, 39 ಎಂದಿಳಿದರೆ, ಟೈರಿನಲ್ಲಿ ಗಾಳಿ ಸಾಲದೋ, ಬ್ರೇಕು ಬಿಡದೆ ಉಜ್ಜುತ್ತಿದೆಯೋ, ಗಾಳಿಯ ಜರಡಿಯಲ್ಲಿ ಧೂಳು ಕಟ್ಟಿದೆಯೋ ಎಂದು ವಿಚಾರಿಸಬೇಕು. ಬಿಡಿಯಾಗಿ ನೋಡಿದರೆ ಯಾವ ಅಂಕಿಯೂ ಏನನ್ನೂ ಹೇಳದು. ಸಾಲಾಗಿ ನಿಂತಾಗ ಮಾತನಾಡುತ್ತದೆ. ಶಿವಪ್ಪನಾಯಕನು 12 ವರ್ಷ ಕಾದುದೂ ಇದಕ್ಕಾಗಿಯೇ ಅಲ್ಲವೆ? ವಿದ್ಯುತ್ತಿನಿಂದ ಓಡುವ ಸ್ಕೂಟರುಳ್ಳವರು ಒಂದು ಪೂರ್ಣ ತುಂಬಿಕೆಗೆ ಎಷ್ಟು ದೂರ ಓಡಿತೆಂಬುದನ್ನು ಬರೆಯಲಿ; ಬ್ಯಾಟರಿಯ ವಯಸ್ಸು ಅದರಿಂದಲೇ ತಿಳಿಯುವುದು.

ಸರ್ಕಾರದ ಗಡುವುಗಳಿಗೂ ಒಂದು ಪುಟವುಂಟು. ವಿಮೆಯೂ ಹೊಗೆಯ ಪ್ರಮಾಣಪತ್ರವೂ ಮುಗಿಯುವ ದಿನ, ನೋಂದಣಿಯ 15 ವರ್ಷ ತುಂಬುವ ದಿನ, ಅನಂತರ ಐದೈದು ವರ್ಷಕ್ಕೆ ಬರುವ ನವೀಕರಣದ ದಿನ, ಇವು ಅಲ್ಲಿರಲಿ.

"ಇದೆಲ್ಲ ಗ್ಯಾರೇಜಿನವರ ಕಂಪ್ಯೂಟರಿನಲ್ಲಿ ಇರುತ್ತದಲ್ಲ, ನಮಗೇಕೆ ಈ ಗುಮಾಸ್ತಗಿರಿ?" ಎಂದು ಕೇಳುವವರುಂಟು. ಅವರಲ್ಲಿರುವುದು ಅವರು ಮಾಡಿದ ಕೆಲಸದ ಲೆಕ್ಕ. ಬೇರೆ ಊರಿನಲ್ಲಿ ಹಾಕಿಸಿದ ಟೈರು, ದಾರಿಯಲ್ಲಿ ಬದಲಾಯಿಸಿದ ಬ್ಯಾಟರಿ ಅದರಲ್ಲಿರುವುದಿಲ್ಲ. ರಸೀದಿಗಳನ್ನು ಕೂಡಿಟ್ಟಿದ್ದೇವೆ ಎಂದರೂ ಸಾಲದು. ಬಿಸಿಯಿಂದ ಅಚ್ಚಾಗುವ ಇಂದಿನ ನುಣುಪು ಕಾಗದವು ಕಾರಿನೊಳಗಿನ ಬಿಸಿಲಿಗೆ ಬೇಗನೆ ಬೆಳ್ಳಗಾಗುತ್ತದೆ. ಬೇಕಾದಾಗ ಬರಿಯ ಹಾಳೆ ಉಳಿದಿರುತ್ತದೆ. ಅಂದೇ ಪುಸ್ತಕಕ್ಕೆ ಏರಿಸಿ, ಬೇಕಾದರೆ ದೂರವಾಣಿಯಲ್ಲಿ ಚಿತ್ರವನ್ನೂ ತೆಗೆದಿಡಿರಿ. ವಾರಂಟಿಯ ತಕರಾರಿನಲ್ಲಿಯಾಗಲಿ, ವಾಹನವನ್ನು ಮಾರುವಾಗಲಾಗಲಿ, ಸೇವೆಯ ನ್ಯೂನತೆಗಾಗಿ ಜಿಲ್ಲಾ ಗ್ರಾಹಕರ ಆಯೋಗದ ಮುಂದೆ ನಿಲ್ಲಬೇಕಾದಾಗಲಾಗಲಿ, ತಾರೀಖು ಸಹಿತವಾದ ಬರಹಕ್ಕಿರುವ ಬೆಲೆ ಬಾಯಿಮಾತಿಗಿಲ್ಲ.

2023ರ ಫೆಬ್ರವರಿಯಲ್ಲಿ ನಮ್ಮ ಊರಿನ ಬಳಿ ಸೋಗಾನೆಯಲ್ಲಿ ವಿಮಾನ ನಿಲ್ದಾಣ ತೆರೆಯಿತು. ಅಲ್ಲಿಗೆ ಬಂದಿಳಿಯುವ ಪ್ರಯಾಣಿಕರ ವಿಮಾನಕ್ಕೂ ಅದರ ದಾಖಲೆಯ ಪುಸ್ತಕವುಂಟು. ಕಂಡ ದೋಷವನ್ನೂ, ಅದನ್ನು ಸರಿಪಡಿಸಿದುದನ್ನೂ ಬರೆದು ಅಧಿಕಾರವುಳ್ಳವರು ಸಹಿ ಮಾಡುತ್ತಾರೆ. ಆಕಾಶದಲ್ಲಿ ಹಾರುವವರಿಗೆ ಅಗತ್ಯವಾದ ಎಚ್ಚರ ನೆಲದ ಮೇಲೆ ಓಡುವವರಿಗೆ ಬೇಡವೆಂದು ಯಾರು ಹೇಳಿದರು?

ಆ ಹಿರಿಯರು ಈಗಿಲ್ಲ. ಅವರು ತೀರಿಕೊಂಡ ಮೇಲೆ ಕೆಲವು ತಿಂಗಳು ಎಜ್ಡಿ ಜಗಲಿಯ ಪಕ್ಕದಲ್ಲಿ ಧೂಳು ಹಿಡಿದು ನಿಂತಿತ್ತು. ಜೂನ್ ತಿಂಗಳ ಮೊದಲಲ್ಲಿ ಅವರ ಮಗನು, ತಂದೆಯ ನೆನಪಿಗಾಗಿ ಅದನ್ನೇರಿ ಗೆಳೆಯನೊಡನೆ ಆಗುಂಬೆಗೆ ಹೋಗಿಬರಬೇಕೆಂದು ಹೊರಟನು. ಪೆಟ್ರೋಲಿಗೆ ಎಷ್ಟು ಎಣ್ಣೆಯನ್ನು ಬೆರೆಸಬೇಕೆಂದು ತಿಳಿಯದೆ ಪುಸ್ತಕವನ್ನು ತೆರೆದನು. ಅಳತೆ ಮೊದಲ ಪುಟದಲ್ಲಿಯೇ ಇತ್ತು. ಕಡೆಯ ಪುಟದಲ್ಲಿ, ಕೊಂಚ ನಡುಗಿದ ಕೈಬರಹದಲ್ಲಿ, ಆರನೆಯ ಅಂಕಣದೊಳಗೆ ಹೀಗಿತ್ತು: "ಹಿಂದಿನ ಬ್ರೇಕಿನ ಶೂ ಸವೆದಿದೆ. ಮಳೆಗಾಲಕ್ಕೆ ಮುಂಚೆ ಬದಲಾಯಿಸತಕ್ಕದ್ದು."

ಅವನು ಬದಲಾಯಿಸಿದನು; ಅದರ ಕೆಳಗೆ ತನ್ನ ಕೈಯಿಂದ ತಾರೀಖನ್ನೂ ಕಿಲೋಮೀಟರನ್ನೂ ಬರೆದನು; ಅನಂತರ ಆಗುಂಬೆಗೆ ಹೋಗಿ ಸುಖವಾಗಿ ಹಿಂದಿರುಗಿದನು. ದಾರಿಯಲ್ಲಿ ಏನೂ ಆಗಲಿಲ್ಲ. ಇಂಥ ಪುಸ್ತಕದ ಫಲವೇ ಅದು: ಏನೂ ಆಗದಿರುವುದು. ಆದುದರಿಂದಲೇ ಅದನ್ನು ಹೊಗಳುವವರು ಕಡಮೆ.

ಶ್ರೋತೃಗಳಲ್ಲಿ ನಮ್ಮ ಬಿನ್ನಹವಿಷ್ಟೆ. ಈ ರಾತ್ರಿ ಮಲಗುವ ಮುಂಚೆ ಮಕ್ಕಳ ಹಳೆಯ ನೋಟುಪುಸ್ತಕವೊಂದರಲ್ಲಿ ಆರು ಗೆರೆಗಳನ್ನೆಳೆಯಿರಿ. ಹೊರಗೆ ಹೋಗಿ ಮೀಟರನ್ನು ನೋಡಿ ಬಂದು ಮೊದಲ ಸಾಲನ್ನು ಬರೆಯಿರಿ. ಮುಂದಿನ ಪಾಳಿಯವರು ಯಾರೇ ಆಗಲಿ, ಕುರುಡರಾಗದಿರಲಿ.