ಒಳಕಲ್ಲಿನ ನೀರು

ನೆಲಮಂಗಲದ ನಮ್ಮ ಮನೆಯಿಂದ ತುಮಕೂರಿಗೆ ಹೊರಟಾಗಲೆಲ್ಲ ದಾಬಸ್‌ಪೇಟೆಯ ಹತ್ತಿರ ಎಡಕ್ಕೆ ಶಿವಗಂಗೆ ಬೆಟ್ಟ ಕಾಣುತ್ತದೆ. ಬಸ್ಸಿನ ಕಿಟಕಿಯಿಂದಲೇ ಕೈಮುಗಿದು ಎಷ್ಟೋ ವರ್ಷ ಕಳೆದಿದ್ದೆ. ಹತ್ತಿರದ್ದನ್ನು ನೋಡಲು ನಮಗೆ ಯಾವತ್ತೂ ಪುರುಸೊತ್ತಿಲ್ಲ. ಊಟಿಗಾದರೆ ರಜೆ ಹಾಕುತ್ತೇವೆ!

ಹೋದ ಭಾನುವಾರ ಚಿತ್ರಾನ್ನದ ಡಬ್ಬಿ ಕಟ್ಟಿಕೊಂಡು ಹೊರಟೇಬಿಟ್ಟೆವು. ಈ ಬೆಟ್ಟ ಪೂರ್ವದಿಂದ ನಂದಿಯಂತೆ, ಪಶ್ಚಿಮದಿಂದ ಗಣಪತಿಯಂತೆ, ದಕ್ಷಿಣದಿಂದ ಲಿಂಗದಂತೆ, ಉತ್ತರದಿಂದ ಹೆಡೆಯೆತ್ತಿದ ಸರ್ಪದಂತೆ ಕಾಣುತ್ತದಂತೆ. ನನಗೆ ಕಂಡದ್ದು ಮೆಟ್ಟಿಲು ಮಾತ್ರ. ಜೊತೆಗೆ ಕೋತಿಗಳು, ಡಬ್ಬಿ ಅರ್ಧದಾರಿಯಲ್ಲೇ ಅವುಗಳ ಪಾಲಾಯಿತು.

ಹೊಯ್ಸಳ ರಾಣಿ ಶಾಂತಲೆ 1131ರಲ್ಲಿ ಕೊನೆಯುಸಿರೆಳೆದದ್ದು ಇಲ್ಲಿಯೇ, ಶ್ರವಣಬೆಳಗೊಳದ ಶಾಸನ ಹಾಗೆನ್ನುತ್ತದೆ. ಮಗಳಿಗೆ ಅದನ್ನು ಹೇಳುತ್ತಾ ಒಳಕಲ್ಲು ತೀರ್ಥಕ್ಕೆ ಬಂದೆವು. ಬಂಡೆಯೊಳಗೆ ಒರಳಿನಂಥ ಕುಳಿ. ಪುಣ್ಯವಂತರ ಕೈಗಷ್ಟೇ ನೀರು ಸಿಗುತ್ತದೆಂದು ನಂಬಿಕೆ. ಮಗಳು ತೋಳಿನವರೆಗೂ ಕೈ ಇಳಿಸಿ, "ಅಪ್ಪಾ, ತಣ್ಣಗಿದೆ!" ಎಂದು ಕೂಗಿದಳು.

ನಾನೂ ಅಂಗಿಯ ತೋಳು ಮಡಚಿದೆ. ಹಿಂದೆ ನಿಂತಿದ್ದ ಅಜ್ಜಿಯೊಬ್ಬರು, "ಇನ್ನೂ ಸ್ವಲ್ಪ ಬಗ್ಗಪ್ಪಾ, ಸಿಗುತ್ತೆ" ಎಂದರು.