ಕಾಯಿಲೆಯ ಮಾತು ಆಕೆಯೊಡನೆಯೇ ಆಗಲಿ

(ಮಾಸಿಕ ಶಿವಾನುಭವ ಗೋಷ್ಠಿಯಲ್ಲಿ ಮಾಡಿದ ಭಾಷಣದ ಬರಹರೂಪ)

 

ನಾನು ನೀರಾವರಿ ಇಲಾಖೆಯಲ್ಲಿ ಇಂಜಿನಿಯರಾಗಿ ದುಡಿದು ನಿವೃತ್ತನಾದವನು. ವೈದ್ಯನಲ್ಲ. ಐದು ತಿಂಗಳ ಹಿಂದೆ ನನ್ನ ಧರ್ಮಪತ್ನಿಗೆ ಮೂತ್ರಕೋಶದ ಕ್ಯಾನ್ಸರ್ ಇದೆ ಎಂದು ಗೊತ್ತಾಯಿತು. ಈ ಅನುಭವ ನಾಲ್ಕು ಜನರಿಗೆ ಉಪಯೋಗವಾಗಲಿ ಎಂದು ಪೂಜ್ಯರು ಅಪ್ಪಣೆ ಮಾಡಿದರು. ಆಕೆಯನ್ನು ಕೇಳಿದೆ. "ಹೇಳ್ರಿ, ಹೆಣ್ಮಕ್ಕಳು ಕೇಳ್ಲಿ" ಅಂದಳು. ಆಕೆಯ ಒಪ್ಪಿಗೆ ಪಡೆದೇ ಇಲ್ಲಿ ನಿಂತಿದ್ದೇನೆ.

ಮೊದಲು ಒಂದು ಮಾತು ಸ್ಪಷ್ಟವಾಗಲಿ. ಮೂತ್ರಪಿಂಡ ಎಂದರೆ ಕಿಡ್ನಿ. ಮೂತ್ರಕೋಶ ಎಂದರೆ ಮೂತ್ರ ತುಂಬಿಕೊಳ್ಳುವ ಚೀಲ. ಈ ಚೀಲದ ಒಳಪದರದಲ್ಲಿ ಹುಟ್ಟುವ ಕ್ಯಾನ್ಸರಿನ ಮುಖ್ಯ ಲಕ್ಷಣ ಮೂತ್ರದಲ್ಲಿ ರಕ್ತ. ಅನೇಕರಿಗೆ ನೋವೇ ಇರುವುದಿಲ್ಲ. ರಕ್ತ ಒಂದೆರಡು ದಿನ ಕಂಡು ತಾನಾಗಿ ನಿಲ್ಲುತ್ತದೆ, ವಾಸಿಯಾಯಿತು ಎಂದುಕೊಳ್ಳುತ್ತೇವೆ. ಗಂಡಸರಲ್ಲಿ ಈ ಕಾಯಿಲೆ ಹೆಚ್ಚು. ಆದರೆ ಹೆಣ್ಣುಮಕ್ಕಳಲ್ಲಿ ಉರಿಮೂತ್ರ, ಸೋಂಕು, ಮುಟ್ಟಿನ ತೊಂದರೆ ಎಂದು ತಿಳಿದು ಪತ್ತೆಯಾಗುವುದು ತಡವಾಗುತ್ತದೆ. ನಮ್ಮ ಮನೆಯಲ್ಲೂ ಸೋಂಕಿನ ಮಾತ್ರೆ ನುಂಗಿದಾಗ ರಕ್ತ ನಿಂತಿತ್ತು. ತಿಂಗಳ ಮೇಲೆ ಮತ್ತೆ ಬಂದಾಗ ಸ್ಕ್ಯಾನಿಂಗ್ ಮಾಡಿಸಿದೆವು, ಗಡ್ಡೆ ಕಂಡಿತು. ತಾಯಂದಿರೇ, ನೋವಿಲ್ಲದೆ ಒಮ್ಮೆ ರಕ್ತ ಕಂಡರೂ ನಾಚಿಕೆ ಬಿಟ್ಟು ಮೂತ್ರರೋಗ ತಜ್ಞರಿಗೆ ತೋರಿಸಿರಿ.

ಇನ್ನು ಮುಖ್ಯ ವಿಷಯ. ವರದಿ ಕೈಗೆ ಬಂದ ದಿನ ಬಂಧುಗಳೆಲ್ಲ ಒಂದೇ ಸಲಹೆ ಕೊಟ್ಟರು: "ಅಕ್ಕಗ ಹೇಳಬ್ಯಾಡ್ರಿ, ಧೈರ್ಯ ಕಳಕೋತಾಳ." ಅವರದು ಪ್ರೀತಿಯ ಮಾತೇ. ಆದರೆ ನಾನು ಒಪ್ಪಲಿಲ್ಲ. ಅಣೆಕಟ್ಟಿನ ಒಳ ಗ್ಯಾಲರಿಯಲ್ಲಿ ಸೋರುವ ನೀರನ್ನು ನಾವು ಅಳೆದು ಪುಸ್ತಕದಲ್ಲಿ ಬರೆಯುತ್ತೇವೆ. ಸೋರಿಕೆ ಇದೆ ಎಂದು ಅಣೆಕಟ್ಟು ಬಿಟ್ಟು ಓಡುವುದಿಲ್ಲ. ಇಲ್ಲ ಎಂದು ಸುಳ್ಳು ಬರೆಯುವುದೂ ಇಲ್ಲ. ಜಡವಾದ ಕಲ್ಲು ಗಾರೆಯ ವಿಷಯದಲ್ಲೇ ಇಷ್ಟು ನಿಷ್ಠೆ ಇರುವಾಗ ನಾಲ್ಕು ದಶಕ ಜೊತೆಗೆ ಬಾಳಿದ ಜೀವಕ್ಕೆ ಸುಳ್ಳು ಹೇಳುವುದು ಹೇಗೆ? ಅಂದು ರಾತ್ರಿ ಇದ್ದದ್ದನ್ನು ಇದ್ದಂತೆ ಹೇಳಿದೆ. ಆಕೆ ಬಹಳ ಹೊತ್ತು ಸುಮ್ಮನಿದ್ದಳು. ಅತ್ತಳು, ನಾನೂ ಅತ್ತೆ. ಆಮೇಲೆ, "ನನ್ನ ಮೈಯಾಗಿಂದು ನನಗ ಗೊತ್ತಿರಬೇಕಲ್ರಿ. ನಾಳೆ ಡಾಕ್ಟರ ಮುಂದ ನಾನೂ ಕೂಡತೀನಿ" ಅಂದಳು.

ಅಲ್ಲಿಂದ ಎಲ್ಲ ನಿರ್ಧಾರ ಇಬ್ಬರದೂ. ಪ್ರಶ್ನೆಗಳನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದುಕೊಂಡು ಹೋದೆವು. ಗಡ್ಡೆ ಒಳಪದರದಲ್ಲೇ ಇದೆಯೋ, ಚೀಲದ ಸ್ನಾಯುವಿಗೆ ಇಳಿದಿದೆಯೋ? ಪರೀಕ್ಷೆಗೆ ಕಳಿಸಿದ ಚೂರಿನಲ್ಲಿ ಸ್ನಾಯು ಇತ್ತೋ ಇಲ್ಲವೋ? ಗ್ರೇಡ್ ಯಾವುದು? ಈ ಮೂರರ ಮೇಲೆಯೇ ಮುಂದಿನ ದಾರಿ ನಿಂತಿದೆ. ಹೊಸದಾಗಿ ಪತ್ತೆಯಾಗುವವುಗಳಲ್ಲಿ ಬಹುಪಾಲು ಸ್ನಾಯುವಿಗೆ ಇಳಿದಿರುವುದಿಲ್ಲ. ಹೊಟ್ಟೆ ಕೊಯ್ಯದೆ ಮೂತ್ರನಾಳದ ಮೂಲಕವೇ ದುರ್ಬೀನು ತೂರಿಸಿ ಅದನ್ನು ಕೆರೆದು ತೆಗೆಯುತ್ತಾರೆ. ಸ್ನಾಯುವಿಗೆ ಇಳಿದಿದ್ದರೆ ಕಿಮೋಥೆರಪಿ ಕೊಟ್ಟು ಚೀಲವನ್ನೇ ತೆಗೆಯಬೇಕಾಗಬಹುದು. ಕೆಲವರಿಗೆ ಚೀಲ ಉಳಿಸಿಕೊಂಡು ರೇಡಿಯೇಷನ್ ಕೊಡುತ್ತಾರೆ.

ನನ್ನ ಪತ್ನಿಯದು ಸ್ನಾಯುವಿಗೆ ಇಳಿದಿರಲಿಲ್ಲ, ಆದರೆ ಹೈ ಗ್ರೇಡ್. ಕೆಲವು ವಾರಗಳ ನಂತರ ಅದೇ ಜಾಗವನ್ನು ಇನ್ನೊಮ್ಮೆ ಕೆರೆದರು. ಬಳಿಕ ಬಿಸಿಜಿ ಶುರುವಾಯಿತು. ಹೌದು, ಕ್ಷಯ ಬಾರದಿರಲೆಂದು ಎಳೆಮಕ್ಕಳ ತೋಳಿಗೆ ಹಾಕಿಸುತ್ತೇವಲ್ಲ, ಅದೇ ಬಿಸಿಜಿ. ಮೂತ್ರಕೋಶದ ಗಡ್ಡೆಗೆ ಇದನ್ನು ಬಳಸಿದ ಫಲವನ್ನು ಕೆನಡಾದ ವೈದ್ಯ ಆಲ್ವಾರೋ ಮೊರಾಲೆಸ್ 1976ರಲ್ಲಿ ಪ್ರಕಟಿಸಿದರು. ವಾರಕ್ಕೊಂದರಂತೆ 6 ವಾರ ನಳಿಕೆಯ ಮೂಲಕ ಚೀಲದೊಳಗೆ ಬಿಡುತ್ತಾರೆ. ಸುಮಾರು 2 ಗಂಟೆ ಹಿಡಿದಿಟ್ಟುಕೊಳ್ಳಬೇಕು. ಅದು ಜೀವಂತ ರೋಗಾಣುವಿನ ಮದ್ದು. ಆದ್ದರಿಂದ ಮುಂದಿನ 6 ಗಂಟೆ ಪ್ರತಿ ಸಲ ಮೂತ್ರಕ್ಕೆ ಹೋದಾಗಲೂ ಶೌಚಾಲಯಕ್ಕೆ ಬ್ಲೀಚ್ ಸುರಿದು, ಕಾಲು ಗಂಟೆ ಬಿಟ್ಟು ತೊಳೆಯಬೇಕು. ಆ ದಿನಗಳಲ್ಲಿ ಶೌಚಾಲಯ ತೊಳೆಯುವುದು ನನ್ನ ಕಾಯಕ. ಕಾಯಕದಲ್ಲಿ ಮೇಲುಕೀಳಿಲ್ಲ ಎಂದು ಈ ವೇದಿಕೆಯಲ್ಲಿ ಎಷ್ಟೋ ಸಲ ಕೇಳಿದ್ದೇವೆ. ಗಂಡಸರೇ, ಮನೆಯಲ್ಲಿ ಅದನ್ನು ಮಾಡಿ ತೋರಿಸುವ ಸಮಯವೂ ಬರುತ್ತದೆ. ಬಿಸಿಜಿಯ ನಂತರ ಉರಿ, ಸುಸ್ತು, ಸಣ್ಣ ಜ್ವರ ಬರುವುದುಂಟು. ಜ್ವರ ಏರಿದರೆ ಅಥವಾ ಇಳಿಯದೆ ಉಳಿದರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು.

ನೋಡಲು ಬಂದವರಲ್ಲಿ ಕೆಲವರು "ಹಿಂದಿನ ಜನ್ಮದ ಕರ್ಮ" ಅಂದರು. ಒಬ್ಬರು ಜಾತಕ ತೋರಿಸಿ ಶಾಂತಿ ಮಾಡಿಸಿ ಅಂದರು. ನೊಂದವಳ ತಲೆಯ ಮೇಲೆ ಅಪರಾಧದ ಮೂಟೆ ಹೊರಿಸುವ ಈ ಮಾತನ್ನು ಶರಣರನ್ನು ನಂಬಿದ ಮನೆಗಳಲ್ಲಿ ಯಾರೂ ಆಡಬಾರದು. ಈ ಕಾಯಿಲೆಗೆ ತಿಳಿದಿರುವ ಕಾರಣಗಳಿವೆ. ಅತಿ ದೊಡ್ಡದು ತಂಬಾಕು, ಅದರಲ್ಲೂ ಬೀಡಿ ಸಿಗರೇಟು. ಬಣ್ಣದ ಕಾರ್ಖಾನೆಗಳ ರಾಸಾಯನಿಕ ಇನ್ನೊಂದು. ಜರ್ಮನಿಯ ವೈದ್ಯ ಲುಡ್ವಿಗ್ ರೆನ್ ಅದನ್ನು 1895ರಲ್ಲೇ ಗುರುತಿಸಿದ್ದರು. ಎಷ್ಟೋ ಜನರಿಗೆ ಈ ಯಾವ ಕಾರಣವೂ ಇಲ್ಲದೆ ಬರುತ್ತದೆ. ನನ್ನ ಪತ್ನಿ ಅಂಥವರಲ್ಲಿ ಒಬ್ಬಳು. ಬೀಡಿ ಸಿಗರೇಟು ಸೇದುವ ಬಂಧುಗಳೇ, ಶಾಂತಿ ಮಾಡಿಸುವ ಬದಲು ಅದನ್ನು ಬಿಡಿರಿ.

ಈ ಕಾಯಿಲೆ ಮರಳಿ ಬರುವ ಸ್ವಭಾವದ್ದು. ಆದ್ದರಿಂದ ಮೊದಮೊದಲು 3 ತಿಂಗಳಿಗೊಮ್ಮೆ ದುರ್ಬೀನು ಹಾಕಿ ನೋಡುತ್ತಾರೆ. ವರ್ಷಗಟ್ಟಲೆ ನೋಡುತ್ತಲೇ ಇರುತ್ತಾರೆ. ಒಂದು ತಪಾಸಣೆಯಿಂದ ಇನ್ನೊಂದು ತಪಾಸಣೆಯವರೆಗಿನ ದಿನಗಳನ್ನು ಬದುಕುವುದೇ ನಾವು ಕಲಿಯಬೇಕಾದ ವಿದ್ಯೆ. ನಮ್ಮ ಮನೆಯಲ್ಲಿ ಒಂದು ಕ್ರಮ ಮಾಡಿಕೊಂಡಿದ್ದೇವೆ. ಬೆಳಗಿನ ಪೂಜೆಯ ನಂತರ ಅರ್ಧ ಗಂಟೆ ಕಾಯಿಲೆಯ ಮಾತು: ಔಷಧ, ಖರ್ಚು, ಭಯ, ಎಲ್ಲವೂ. ಆಮೇಲೆ ಇಡೀ ದಿನ ಮೊಮ್ಮಕ್ಕಳು, ಹಿತ್ತಲು, ಮನೆಗೆಲಸ. ಆಕೆ ರೊಟ್ಟಿ ಬಡಿಯುತ್ತೇನೆ ಎಂದರೆ ಬೇಡ ಎನ್ನುವುದಿಲ್ಲ. ರೋಗಿ ಎಂದು ಮೂಲೆಗೆ ಕೂರಿಸಿದರೆ ಮನಸ್ಸು ಮೊದಲು ಸಾಯುತ್ತದೆ.

6 ಡೋಸ್ ಮುಗಿದಿವೆ. ಬರುವ ವಾರ ಮೊದಲ ತಪಾಸಣೆ. ಭಯ ಇಲ್ಲ ಎಂದರೆ ಸುಳ್ಳಾದೀತು. ಆದರೆ ಒಬ್ಬರಿಂದ ಒಬ್ಬರು ಮುಚ್ಚಿಟ್ಟ ಭಯ ನಮ್ಮಲ್ಲಿಲ್ಲ. ವೈದ್ಯರು ಏನು ಹೇಳಿದರೂ ಇಬ್ಬರೂ ಒಟ್ಟಿಗೆ ಕೂತು ಕೇಳುತ್ತೇವೆ.

ನಿಮ್ಮಲ್ಲಿ ಯಾರ ಮನೆಗಾದರೂ ಇಂಥ ವರದಿ ಬಂದರೆ, ಅದನ್ನು ಮೊದಲು ಓದುವ ಹಕ್ಕು ಯಾರ ಹೆಸರು ಅದರ ಮೇಲಿದೆಯೋ ಅವರದು ಎಂಬುದನ್ನು ಮರೆಯಬೇಡಿ.